ಯಾರನ್ನೂ ನಂಬಬೇಕಾಗಿಲ್ಲ ಎಂದ ನಾಣ್ಯ, ನೆಂಟರ ಮಾತು ನಂಬಿಸಿ ಜಗಲಿಗೆ ಬಂತು

ಗಡಿನಾಡು ವಿಶೇಷ

ಕಾಸರಗೋಡು: "ಈ ಬಿಟ್‌ಕಾಯಿನ್ ಅಂದ್ರೆ ಎಂತ ಮಗಾ? ಅದು ಚಿನ್ನದ ಹಾಗೆಯಾ, ಚಿಟ್ಟಿಯ ಹಾಗೆಯಾ?"

ಬದಿಯಡ್ಕ ಕಡೆಯ ನೆಂಟರ ಮನೆಯೊಂದರ ಪೂಜೆ. ಊಟ ಮುಗಿಸಿ ಜಗಲಿಯಲ್ಲಿ ಎಲೆಯಡಿಕೆಯ ಹರಿವಾಣದ ಸುತ್ತ ಕೂತಿದ್ದೆವು. ಪ್ರಶ್ನೆ ಕೇಳಿದ್ದು ನನ್ನ ದೊಡ್ಡಮ್ಮ. ವಯಸ್ಸು ಎಪ್ಪತ್ತರ ಹತ್ತಿರ. ಅಡಿಕೆ ಕ್ರಯ ಏರಿತಾ ಇಳಿಯಿತಾ ಎಂದು ಪ್ರತಿದಿನ ಪೇಪರಿನಲ್ಲಿ ನೋಡುವವರು. ಚಾಲಿಯನ್ನು ಯಾವಾಗ ಕೊಡಬೇಕು, ಯಾವಾಗ ಅಟ್ಟದಲ್ಲೇ ಇಟ್ಟುಕೊಳ್ಳಬೇಕು ಎಂಬ ಲೆಕ್ಕ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥವರ ಬಾಯಲ್ಲಿ ಬಿಟ್‌ಕಾಯಿನ್ ಹೆಸರು ಕೇಳಿ ಎಲ್ಲರೂ ನಕ್ಕರು. ದೊಡ್ಡಮ್ಮ ಮಾತ್ರ ನಗಲಿಲ್ಲ.

ಸಂಜೆ ಹೊರಡುವಾಗ ಗೇಟಿನವರೆಗೆ ಬಂದು, ಮೆಲ್ಲಗೆ ವಿಷಯ ಹೇಳಿದರು.

ಅವರ ತಮ್ಮನ ಮಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆಯ ಹುಡುಗ. ಮೊಬೈಲಿನಲ್ಲಿ ಒಂದು ಆಪ್ ತೋರಿಸಿ, "ಅತ್ತೇ, ಇದರಲ್ಲಿ ಹಾಕಿ, ಬ್ಯಾಂಕಿನಲ್ಲಿ ಇಟ್ಟರೆ ಎಂತ ಸಿಗ್ತದೆ?" ಎಂದಿದ್ದ. ಮೊದಲು ಐವತ್ತು ಸಾವಿರ ಕೊಟ್ಟರು. ತಿಂಗಳೊಳಗೆ ಆಪ್‌ನಲ್ಲಿ ಅದು ಎಪ್ಪತ್ತೊಂದು ಸಾವಿರ ಎಂದು ಕಾಣಿಸಿತು. ಪರೀಕ್ಷೆಗೆಂದು ಐದು ಸಾವಿರ ವಾಪಸ್ ಕೇಳಿದರು. ಮರುದಿನವೇ ಬ್ಯಾಂಕಿಗೆ ಬಂತು! ಆ ಮೇಲೆ ಅಡಿಕೆ ಮಾರಿದ ಎರಡು ಲಕ್ಷವೂ ಅದೇ ದಾರಿ ಹಿಡಿಯಿತು. ಕೊನೆಗೆ ಮನೆಯ ಮಾಡು ರಿಪೇರಿಗೆಂದು ಹಣ ತೆಗೆಯಲು ಹೋದಾಗ, "ಮೊದಲು ನಲವತ್ತು ಸಾವಿರ ತೆರಿಗೆ ಕಟ್ಟಿ, ಮತ್ತೆ ಹಣ ಬಿಡುಗಡೆ" ಎಂಬ ಸಂದೇಶ. ಅದನ್ನೂ ಕಟ್ಟಿದರು. ಅಲ್ಲಿಗೆ ಆಪ್ ಮಾತಾಡುವುದು ನಿಲ್ಲಿಸಿತು.

"ಪೊಲೀಸರಿಗೆ ಹೇಳಿದ್ರಾ?" ಎಂದೆ.

"ಎಂತ ಹೇಳುದು? ತಮ್ಮನ ಮಗ ಅಲ್ವಾ? ಅವನದ್ದೂ ಒಂದೂವರೆ ಲಕ್ಷ ಹೋಗಿದೆ. ನಾಳೆ ಅವನಿಗೆ ಹೆಣ್ಣು ನೋಡ್ಬೇಕು."

ಈ ಲೇಖನಕ್ಕೆ ಕಾರಣ ಆ ಕೊನೆಯ ಮಾತು. ಹಣ ಹೋದದ್ದು ಒಂದು ನಷ್ಟ. ಹೋಯಿತು ಎಂದು ಹೇಳಲಾಗದೆ ಸುಮ್ಮನಿರುವುದು ಅದಕ್ಕಿಂತ ದೊಡ್ಡ ನಷ್ಟ.

ಒಂದೇ ಹೆಸರು, ಮೂರು ಸಂಗತಿ

ದೊಡ್ಡಮ್ಮನ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮಲ್ಲಿ "ಕ್ರಿಪ್ಟೋ" ಎಂಬ ಒಂದೇ ಹೆಸರಿನ ಕೆಳಗೆ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಒಂದು, ಬಿಟ್‌ಕಾಯಿನ್‌ನಂಥ ನಾಣ್ಯ. ಎರಡು, ಅದನ್ನು ಕೊಳ್ಳುವ, ಮಾರುವ ಎಕ್ಸ್‌ಚೇಂಜ್ ಎಂಬ ಅಂಗಡಿ. ಮೂರು, ಇವೆರಡರ ಹೆಸರು ಹೇಳಿಕೊಂಡು ನಡೆಯುವ ಶುದ್ಧ ಮೋಸ. ಮೂರನ್ನೂ ಒಟ್ಟಿಗೆ ಹೊಗಳುವವರಿದ್ದಾರೆ, ಒಟ್ಟಿಗೆ ಬೈಯುವವರೂ ಇದ್ದಾರೆ. ಇಬ್ಬರಿಂದಲೂ ನಮ್ಮ ಮನೆಗಳಿಗೆ ಉಪಯೋಗವಿಲ್ಲ.

ಮೊದಲನೆಯದನ್ನು ನೋಡೋಣ. 2008ರ ಅಕ್ಟೋಬರ್ 31ರಂದು ಸತೋಶಿ ನಕಾಮೊಟೊ ಎಂಬ ಹೆಸರಿನಲ್ಲಿ ಒಂಬತ್ತು ಪುಟಗಳ ಒಂದು ಬರಹ ಹೊರಬಂತು. ಆ ಹೆಸರಿನ ಹಿಂದೆ ಇರುವುದು ಒಬ್ಬರೋ ಹಲವರೋ ಎಂಬುದು ಇಂದಿಗೂ ಖಚಿತವಾಗಿಲ್ಲ. ಅಮೆರಿಕದ ದೊಡ್ಡ ಬ್ಯಾಂಕುಗಳು ಕುಸಿಯುತ್ತಿದ್ದ ಕಾಲ ಅದು. ಬರಹದ ಸಾರ ಇಷ್ಟೇ: ಇಬ್ಬರ ನಡುವೆ ಹಣ ಹೋಗಿ ಬರಲು ಮಧ್ಯದಲ್ಲಿ ಬ್ಯಾಂಕು ಬೇಕಾಗಿಲ್ಲ, ಯಾರನ್ನೂ ನಂಬಬೇಕಾಗಿಲ್ಲ, ಲೆಕ್ಕವೇ ಸಾಕು. 2009ರ ಜನವರಿ 3ರಂದು ಆ ಲೆಕ್ಕದ ಮೊದಲ ಪುಟ ತೆರೆಯಿತು.

ನಮ್ಮ ಊರಿನ ಸೇವಾ ಸಹಕಾರಿ ಸಂಘವನ್ನು ನೆನಪಿಸಿಕೊಳ್ಳಿ. ಅಲ್ಲಿ ಲೆಕ್ಕದ ಪುಸ್ತಕ ಒಂದೇ. ಅದು ಕಾರ್ಯದರ್ಶಿಯ ಕೈಯಲ್ಲಿ. ನಿಮ್ಮ ಪಾಸ್‌ಬುಕ್ಕಿನಲ್ಲಿ ಇರುವುದು ಆ ಪುಸ್ತಕದ ನಕಲು. ಕಾರ್ಯದರ್ಶಿ ಒಳ್ಳೆಯವನಾದರೆ ಲೆಕ್ಕವೂ ಒಳ್ಳೆಯದು. ಬಿಟ್‌ಕಾಯಿನ್‌ನಲ್ಲಿ ಪುಸ್ತಕದ ಪ್ರತಿ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇದೆ. ಹೆಚ್ಚುಕಡಿಮೆ ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ. ಪುಟದ ತುದಿಗೆ ಹಿಂದಿನ ಪುಟದ ಗುರುತು ಅಂಟಿಕೊಂಡಿರುವ ಕಾರಣ ಹಳೆಯ ಪುಟ ತಿದ್ದಿದರೆ ಕೂಡಲೇ ಗೊತ್ತಾಗುತ್ತದೆ. ಹೊಸ ಪುಟ ಸೇರಿಸಲು ಕಂಪ್ಯೂಟರ್‌ಗಳು ಭಾರೀ ಲೆಕ್ಕ ಮಾಡಬೇಕು, ಅದಕ್ಕೆ ಭಾರೀ ಕರೆಂಟೂ ಬೇಕು. ಮೊದಲು ಗೆದ್ದವರಿಗೆ ಹೊಸ ನಾಣ್ಯದ ಬಹುಮಾನ. ಆರಂಭದಲ್ಲಿ ಪುಟಕ್ಕೆ 50 ನಾಣ್ಯ ಇದ್ದದ್ದು, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು ನಾಣ್ಯ 2.1 ಕೋಟಿ ಮೀರಬಾರದು ಎಂಬುದು ನಿಯಮ.

ಇದು ಚಿನ್ನದ ಹಾಗೆಯಾ? ಮಿತಿ ಇದೆ ಎನ್ನುವ ಮಟ್ಟಿಗೆ ಹೌದು. ಆದರೆ ಚಿನ್ನವನ್ನು ಮಗಳ ಕುತ್ತಿಗೆಗೆ ಹಾಕಬಹುದು. ಇದನ್ನು ಹಾಕಲಾಗದು. ಚಿಟ್ಟಿಯ ಹಾಗೆಯಾ? ಖಂಡಿತ ಅಲ್ಲ. ಚಿಟ್ಟಿಗೆ ಒಬ್ಬ ಯಜಮಾನ ಇರುತ್ತಾನೆ. ಇದಕ್ಕೆ ಯಜಮಾನನೇ ಇಲ್ಲ.

ಏರಿದ ದಿನ ಎಲ್ಲರೂ ಪಂಡಿತರು

2010ರ ಮೇ 22ರಂದು ಅಮೆರಿಕದಲ್ಲಿ ಒಬ್ಬಾತ ಎರಡು ಪಿಜ್ಜಾಕ್ಕೆ 10,000 ಬಿಟ್‌ಕಾಯಿನ್ ಕೊಟ್ಟ ಕತೆ ಹೆಚ್ಚಿನವರಿಗೆ ಗೊತ್ತು. 2017ರ ಡಿಸೆಂಬರ್‌ನಲ್ಲಿ ಒಂದು ನಾಣ್ಯದ ಬೆಲೆ 20 ಸಾವಿರ ಡಾಲರ್ ಸಮೀಪಿಸಿತು. ಮರುವರ್ಷದ ಕೊನೆಗೆ 4 ಸಾವಿರಕ್ಕಿಂತ ಕೆಳಗೆ ಬಿತ್ತು. 2021ರ ನವೆಂಬರ್‌ನಲ್ಲಿ 69 ಸಾವಿರದ ಹತ್ತಿರ ಹೋಗಿ, ಒಂದೇ ವರ್ಷದಲ್ಲಿ 16 ಸಾವಿರಕ್ಕಿಂತ ಕೆಳಗೆ ಇಳಿಯಿತು. 2024ರ ಡಿಸೆಂಬರ್‌ನಲ್ಲಿ ಲಕ್ಷ ಡಾಲರ್ ದಾಟಿತು. 2025ರ ಅಕ್ಟೋಬರ್‌ನಲ್ಲಿ 1.26 ಲಕ್ಷ ಮುಟ್ಟಿ, ಮರುತಿಂಗಳೇ 90 ಸಾವಿರದ ಕೆಳಗೆ ಬಂತು.

ಕೊಳೆರೋಗವನ್ನೂ ಆಮದು ಅಡಿಕೆಯ ಹೊಡೆತವನ್ನೂ ಕಂಡ ನಮ್ಮ ಕೃಷಿಕರಿಗೆ ಬೆಲೆ ಏರಿಳಿತ ಹೊಸತಲ್ಲ. ಆದರೆ ಅಡಿಕೆ ಕ್ರಯ ಬಿದ್ದರೂ ತೋಟ ತೋಟವೇ. ಮುಂದಿನ ವರ್ಷ ಮತ್ತೆ ಕೊನೆ ಬಿಡುತ್ತದೆ. ನಾಣ್ಯ ಗೊನೆ ಬಿಡುವುದಿಲ್ಲ. ಅದನ್ನು ಇನ್ನೊಬ್ಬ ಹೆಚ್ಚು ಬೆಲೆಗೆ ಕೊಂಡರೆ ಮಾತ್ರ ಲಾಭ.

ಇಷ್ಟಾದರೂ ಬೇಡ ಎನ್ನುವವರ ಮಾತು ಮಾತ್ರ ಕೇಳಿದರೆ ನ್ಯಾಯವಾಗದು. ನಮ್ಮದೇ ಕುಟುಂಬದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅವಳ ವಾದ ಬೇರೆ. "ಚಿಕ್ಕಪ್ಪ, ನಾನು ತಿಂಗಳಿಗೆ ಮೂರು ಸಾವಿರ ಹಾಕ್ತೇನೆ. ಪೂರ್ತಿ ಹೋದ್ರೂ ನನ್ನ ಊಟಕ್ಕೆ ತೊಂದ್ರೆ ಇಲ್ಲ. ತೆರಿಗೆ ಕಟ್ತೇನೆ. ಬ್ಯಾಂಕು ಇಲ್ಲದ ದೇಶದವರಿಗೆ, ಸ್ವಂತ ದೇಶದ ನೋಟೇ ಕಸವಾದವರಿಗೆ ಇದರಿಂದ ಉಪಕಾರ ಉಂಟು. ಕಳ್ಳರು ಉಪಯೋಗಿಸ್ತಾರೆ ಅಂತ ಫೋನನ್ನೇ ಬೈಲಿಕ್ಕೆ ಆಗ್ತದಾ?"

ಮಾತಿನಲ್ಲಿ ಸತ್ವ ಇದೆ. ಆದರೆ ಅವಳ ಮೂರು ಸಾವಿರಕ್ಕೂ ದೊಡ್ಡಮ್ಮನ ಎರಡು ಲಕ್ಷಕ್ಕೂ ವ್ಯತ್ಯಾಸ ಇದೆ. ಅವಳು ಆಟದ ನಿಯಮ ತಿಳಿದು ಆಡುತ್ತಿದ್ದಾಳೆ. ದೊಡ್ಡಮ್ಮ ಆಡುತ್ತಿದ್ದೇನೆಂದು ತಿಳಿದಿರಲೇ ಇಲ್ಲ.

ಅತ್ತ ರಿಸರ್ವ್ ಬ್ಯಾಂಕಿನ ಅಭಿಪ್ರಾಯ ಬಿಗಿ. 2022ರ ಫೆಬ್ರವರಿಯಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್, ಇದಕ್ಕೆ ಟುಲಿಪ್ ಹೂವಿನಷ್ಟೂ ಆಧಾರವಿಲ್ಲ ಎಂಬ ಅರ್ಥದ ಮಾತಾಡಿದರು. ಹದಿನೇಳನೇ ಶತಮಾನದಲ್ಲಿ ಹಾಲೆಂಡಿನ ಜನ ಟುಲಿಪ್ ಗೆಡ್ಡೆಗೆ ಹುಚ್ಚು ಬೆಲೆ ಕೊಟ್ಟು ಕೈಸುಟ್ಟುಕೊಂಡ ಕತೆ ಅದರ ಹಿಂದೆ ಇದೆ. ಅದೇ ತಿಂಗಳು ಡೆಪ್ಯುಟಿ ಗವರ್ನರ್ ಟಿ. ರಬಿ ಶಂಕರ್ ಇನ್ನೂ ಮುಂದೆ ಹೋಗಿ, ಇದು ಪೊಂಜಿ ಯೋಜನೆಗಿಂತಲೂ ಕೆಟ್ಟದ್ದಾಗಿರಬಹುದು ಎಂದರು.

ನಿಷೇಧವೂ ಇಲ್ಲ, ಆಶೀರ್ವಾದವೂ ಇಲ್ಲ

"ಸರಕಾರವೇ ತೆರಿಗೆ ಹಾಕಿದ ಮೇಲೆ ಇದು ಸರಕಾರಿ ಮಾನ್ಯತೆ ಪಡೆದದ್ದೇ ಅಲ್ಲವೇ?" ಏಜೆಂಟರು ಹೇಳುವ ಮೊದಲ ಮಾತು ಇದು. ನಡೆದದ್ದು ಹೀಗೆ.

ರಿಸರ್ವ್ ಬ್ಯಾಂಕ್ 2013ರ ಡಿಸೆಂಬರ್‌ನಲ್ಲೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. 2018ರ ಏಪ್ರಿಲ್ 6ರ ಸುತ್ತೋಲೆಯಲ್ಲಿ, ಈ ವ್ಯವಹಾರದವರಿಗೆ ಸೇವೆ ಕೊಡಬಾರದೆಂದು ಬ್ಯಾಂಕುಗಳಿಗೆ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಮಾಲ್ ಒಂದರಲ್ಲಿ ಯುನೋಕಾಯಿನ್ ಕಂಪನಿ ಎಟಿಎಂನಂಥ ಒಂದು ಯಂತ್ರ ಇಟ್ಟಿತು. ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ಎತ್ತಿಕೊಂಡು ಹೋದರು, ಕಂಪನಿಯವರ ಬಂಧನವೂ ಆಯಿತು. ಮುಂದೆ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯನ್ನೇ ರದ್ದು ಮಾಡಿತು.

2022ರ ಬಜೆಟ್ ಲಾಭದ ಮೇಲೆ ಶೇ. 30 ತೆರಿಗೆ ಹಾಕಿತು. ಆ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇ. 1 ಟಿಡಿಎಸ್ ಕೂಡ ಬಂತು. ಒಂದು ನಾಣ್ಯದಲ್ಲಿ ಲಾಭ, ಇನ್ನೊಂದರಲ್ಲಿ ನಷ್ಟ ಆದರೆ ಎರಡನ್ನೂ ಕೂಡಿಸಿ ಕಳೆಯಲು ಬಿಡುವುದಿಲ್ಲ. ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. 2023ರ ಮಾರ್ಚ್‌ನಲ್ಲಿ ಈ ವ್ಯವಹಾರವನ್ನು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ತಂದರು. ಎಕ್ಸ್‌ಚೇಂಜ್‌ಗಳು ಕೇಂದ್ರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಳ್ಳಬೇಕಾಯಿತು.

ತೆರಿಗೆ ಹಾಕುವುದೆಂದರೆ ಒಪ್ಪಿಗೆ ಕೊಟ್ಟ ಹಾಗಲ್ಲ. ಲಾಟರಿ ಬಹುಮಾನಕ್ಕೂ ಶೇ. 30 ತೆರಿಗೆ ಇದೆ! ಇಲ್ಲಿ ಇನ್ನೊಂದು ಗೊಂದಲ ಬೇಡ: 2022ರ ಡಿಸೆಂಬರ್ 1ರಂದು ಬೆಂಗಳೂರು ಸೇರಿ ನಾಲ್ಕು ನಗರಗಳಲ್ಲಿ ಜನಸಾಮಾನ್ಯರಿಗಾಗಿ ಪ್ರಯೋಗಕ್ಕೆ ಬಂದ ಡಿಜಿಟಲ್ ರೂಪಾಯಿ ರಿಸರ್ವ್ ಬ್ಯಾಂಕಿನದೇ ಹಣ. ಅದಕ್ಕೂ ಬಿಟ್‌ಕಾಯಿನ್‌ಗೂ ಸಂಬಂಧವಿಲ್ಲ.

ದೊಡ್ಡಮ್ಮನಂಥವರು ನೆನಪಿಡಬೇಕಾದ ಮಾತು ಒಂದಿದೆ. ಟಿಡಿಎಸ್ ಎಂದರೆ ನಿಮಗೆ ಬರಬೇಕಾದ ಮೊತ್ತದಿಂದ ಮುರಿದುಕೊಳ್ಳುವುದು. ಉಳಿದ ತೆರಿಗೆಯನ್ನು ನೀವೇ ಸರಕಾರಕ್ಕೆ ಕಟ್ಟಿ ರಿಟರ್ನ್‌ನಲ್ಲಿ ತೋರಿಸುತ್ತೀರಿ. "ಮೊದಲು ನಮ್ಮ ಖಾತೆಗೆ ತೆರಿಗೆ ಹಾಕಿ, ಮತ್ತೆ ನಿಮ್ಮ ಹಣ ಬಿಡುತ್ತೇವೆ" ಎಂದು ಯಾರಾದರೂ ಹೇಳಿದರೆ ಅದು ತೆರಿಗೆ ಅಲ್ಲ, ಕಳ್ಳತನದ ಕೊನೆಯ ಕಂತು.

ಅಂಗಡಿಯ ಬೀಗ ಯಾರ ಕೈಯಲ್ಲಿ?

ಇನ್ನು ಎರಡನೆಯ ಸಂಗತಿ, ಎಕ್ಸ್‌ಚೇಂಜ್. ನಾಣ್ಯದ ಪುಸ್ತಕವನ್ನು ತಿದ್ದುವುದು ಕಷ್ಟ, ಸರಿ. ಆದರೆ ಹೆಚ್ಚಿನವರು ನಾಣ್ಯವನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಎಕ್ಸ್‌ಚೇಂಜ್‌ನಲ್ಲೇ ಬಿಟ್ಟಿರುತ್ತಾರೆ. ಯಾರನ್ನೂ ನಂಬಬೇಕಾಗಿಲ್ಲ ಎಂದು ಹುಟ್ಟಿದ ನಾಣ್ಯಕ್ಕೆ ಮತ್ತೆ ಒಬ್ಬ ನಡುವಿನವ ಬಂದ ಹಾಗಾಯಿತು.

ಆ ನಡುವಿನವ ಮುಗ್ಗರಿಸಿದರೆ? 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ಜಗತ್ತಿನ ದೊಡ್ಡ ಎಕ್ಸ್‌ಚೇಂಜ್ ಕೆಲವೇ ದಿನಗಳಲ್ಲಿ ಕುಸಿಯಿತು. ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಜೈಲು ಶಿಕ್ಷೆಯಾಯಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು ಸುಮಾರು 23 ಕೋಟಿ ಡಾಲರ್ ಮೊತ್ತದ ನಾಣ್ಯಗಳು ಕಳವಾದವು. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದು 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಸರಕಾರಗಳು ಹೇಳಿದವು. ಗ್ರಾಹಕರು ಸಿಂಗಪುರದ ಕೋರ್ಟಿನ ತೀರ್ಮಾನಕ್ಕೆ ಕಾದರು. ವ್ಯವಹಾರ ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕೆ ಮೊದಲು, 2025ರ ಜುಲೈನಲ್ಲಿ, ಕಾಯಿನ್‌ಡಿಸಿಎಕ್ಸ್‌ನಿಂದಲೂ ಸುಮಾರು 4.4 ಕೋಟಿ ಡಾಲರ್ ಹೋಯಿತು. ಹೋದದ್ದು ಕಂಪನಿಯ ಹಣ, ಗ್ರಾಹಕರದ್ದು ಭದ್ರ ಎಂದು ಕಂಪನಿ ತಿಳಿಸಿತು.

ಬ್ಯಾಂಕ್ ಮುಳುಗಿದರೆ ಠೇವಣಿದಾರನಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಇಲ್ಲಿ ಅಂಥ ವಿಮೆ ಇಲ್ಲ. ಒಂದು ಸಮಾಧಾನವೆಂದರೆ, ವಜೀರ್‌ಎಕ್ಸ್ ಗ್ರಾಹಕರೊಬ್ಬರ ಅರ್ಜಿಯಲ್ಲಿ ಮದ್ರಾಸ್ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ, ಕ್ರಿಪ್ಟೋ ಕೂಡ ಒಂದು ಆಸ್ತಿಯೇ ಎಂದು ಹೇಳಿತು. ನನ್ನ ವಸ್ತು ನನ್ನದು ಎಂದು ಕೋರ್ಟಿನಲ್ಲಿ ನಿಂತು ಕೇಳಲು ಅದರಿಂದ ಒಂದು ಹಿಡಿತ ಸಿಕ್ಕಿತು.

ಮೂರನೆಯದು ನಮ್ಮ ಬಾಗಿಲಿಗೇ ಬಂದದ್ದು

ಗಡಿನಾಡಿನ ಮನೆಗಳಿಗೆ ಹೆಚ್ಚು ಹತ್ತಿರದ್ದು ಮೂರನೆಯ ಸಂಗತಿ, ಮೋಸ. ಅದು ಗಡಿಯ ಎಲ್ಲ ಕಡೆಯಿಂದಲೂ ಬಂದಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರಿಗೆ ಗೇನ್‌ಬಿಟ್‌ಕಾಯಿನ್ ಹೆಸರು ನೆನಪಿರಬಹುದು. ಬಿಟ್‌ಕಾಯಿನ್ ಕೊಡಿ, 18 ತಿಂಗಳು ತಿಂಗಳಿಗೆ ಶೇ. 10 ವಾಪಸ್ ಎಂಬ ಆಸೆ ತೋರಿಸಿದ ಯೋಜನೆ. 2018ರಲ್ಲಿ ಪುಣೆ ಪೊಲೀಸರು ಮುಖ್ಯ ಆರೋಪಿಯನ್ನು ಹಿಡಿದರು. 2022ರ ಜನವರಿಯಲ್ಲಿ ಆತ ತೀರಿಕೊಂಡ. ಜಾರಿ ನಿರ್ದೇಶನಾಲಯ ಹೇಳುವ ಮೊತ್ತ 6,600 ಕೋಟಿ ರೂಪಾಯಿ. ದೇಶದ ಹಲವೆಡೆ ದಾಖಲಾದ ಕೇಸುಗಳು ಸಿಬಿಐ ಕೈಗೆ ಹೋಗಿ, 2025ರ ಫೆಬ್ರವರಿಯಲ್ಲಿ ಮತ್ತೆ ದೊಡ್ಡ ಶೋಧ ನಡೆಯಿತು.

ಇತ್ತ ಕೇರಳದಲ್ಲಿ ಮೋರಿಸ್ ಕಾಯಿನ್. 2020ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಕೇಸು ದಾಖಲಾಯಿತು. ನಾಣ್ಯ ಮಾರುಕಟ್ಟೆಗೆ ಬರುವ ಮೊದಲೇ ಹಣ ಹಾಕಿ ಎಂದು ಊರೂರು ಸುತ್ತಿ ಸಂಗ್ರಹ ಮಾಡಿದ ಪ್ರಕರಣ. ಜಾರಿ ನಿರ್ದೇಶನಾಲಯದ ಪ್ರಕಾರ ಮೊತ್ತ ಸುಮಾರು 1,200 ಕೋಟಿ. ಯುರೋಪಿನ ಒನ್‌ಕಾಯಿನ್ ಕತೆ ಇನ್ನೂ ವಿಚಿತ್ರ. ಅದಕ್ಕೆ ನಿಜವಾದ ಬ್ಲಾಕ್‌ಚೈನ್ ಪುಸ್ತಕವೇ ಇರಲಿಲ್ಲ! ಅದರ ಒಡತಿ ರುಜಾ ಇಗ್ನಾಟೋವಾ 2017ರ ಅಕ್ಟೋಬರ್‌ನಲ್ಲಿ ಕಾಣೆಯಾದಳು. 2022ರಲ್ಲಿ ಅಮೆರಿಕದ ಎಫ್‌ಬಿಐ ಅವಳನ್ನು ಅತಿ ಮುಖ್ಯ ಹತ್ತು ಆರೋಪಿಗಳ ಪಟ್ಟಿಗೆ ಸೇರಿಸಿತು.

ಈ ಮೂರರಲ್ಲೂ ಹಣ ಕದ್ದದ್ದು ಕಂಪ್ಯೂಟರ್ ಹ್ಯಾಕ್ ಮಾಡಿ ಅಲ್ಲ. ಪರಿಚಯದವರು ಪರಿಚಯದವರನ್ನು ಸೇರಿಸಿದರು. ಮೇಷ್ಟ್ರು ಹಳೆಯ ಶಿಷ್ಯರನ್ನು, ಭಾವ ಭಾವನನ್ನು, ಒಬ್ಬ ಗಲ್ಫ್ ಗೆಳೆಯ ರೂಮಿನಲ್ಲಿದ್ದವರನ್ನು ಸೇರಿಸುವುದು ಇಂಥ ಯೋಜನೆಗಳ ಮಾಮೂಲಿ ದಾರಿ. ಯಾರನ್ನೂ ನಂಬಬೇಕಾಗಿಲ್ಲ ಎಂದು ಹುಟ್ಟಿದ ತಂತ್ರಜ್ಞಾನ ನಮ್ಮ ಊರಿಗೆ ಬಂದದ್ದು, ನಾವು ಅತಿ ಹೆಚ್ಚು ನಂಬುವವರ ಬಾಯಿಯ ಮೂಲಕ!

ಇದು ಕ್ರಿಪ್ಟೋಗೆ ಮಾತ್ರ ಅಂಟಿದ ರೋಗವೂ ಅಲ್ಲ. 2020ರಲ್ಲಿ ನಮ್ಮದೇ ಜಿಲ್ಲೆಯಲ್ಲಿ ಚಿನ್ನದ ಮಳಿಗೆಯ ಠೇವಣಿ ಪ್ರಕರಣ ದೊಡ್ಡ ಸುದ್ದಿಯಾಯಿತು. 2021ರಲ್ಲಿ ತೃಶೂರ್ ಜಿಲ್ಲೆಯ ಕರುವನ್ನೂರ್ ಸಹಕಾರಿ ಬ್ಯಾಂಕಿನ ಹಗರಣ ಹೊರಬಿತ್ತು. ಅಲ್ಲಿ ಎಲ್ಲಿಯೂ ಬಿಟ್‌ಕಾಯಿನ್ ಇರಲಿಲ್ಲ. ಮುಖ ನೋಡಿ ಕೊಟ್ಟ ಹಣ ಮಾತ್ರ ಇತ್ತು.

ಅಡಿಕೆ ಕಲಿಸಿದ ಪಾಠ

ಹಾಗಾದರೆ ಯಾರನ್ನೂ ನಂಬಬಾರದೇ? ಹಾಗೆ ಹೇಳಿದರೆ ನಮ್ಮ ಊರಿನ ಚರಿತ್ರೆಗೇ ಅಪಚಾರ.

1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ನೆಲ ಕಚ್ಚಿದಾಗ ಕಾಸರಗೋಡು, ದಕ್ಷಿಣ ಕನ್ನಡದ ಬೆಳೆಗಾರರು ವ್ಯಾಪಾರಿಗಳ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಆಗ ಹುಟ್ಟಿದ್ದು ಕ್ಯಾಂಪ್ಕೋ. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ, ಕರ್ನಾಟಕ ಕೇರಳ ಎರಡೂ ರಾಜ್ಯಗಳ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ನೆಲೆ ಮಾಡಿದ ಸಹಕಾರಿ ಸಂಸ್ಥೆ. 1956ರಲ್ಲಿ ರಾಜ್ಯದ ಗಡಿ ನಮ್ಮ ತೋಟಗಳ ನಡುವೆ ಬಂದಿತ್ತು. ಕ್ಯಾಂಪ್ಕೋದ ಲೆಕ್ಕದ ಪುಸ್ತಕ ಆ ಗಡಿಯನ್ನು ದಾಟಿತು.

ಅದೂ ನಂಬಿಕೆಯ ಮೇಲೆಯೇ ಕಟ್ಟಿದ್ದು. ಆದರೆ ಆ ನಂಬಿಕೆಗೆ ಕಾಗದ ಇತ್ತು. ಪಾಲು ಹಣಕ್ಕೆ ರಶೀದಿ, ಸಂಸ್ಥೆಗೆ ನೋಂದಣಿ, ವರ್ಷಕ್ಕೊಮ್ಮೆ ಮಹಾಸಭೆ, ಲೆಕ್ಕ ಪರಿಶೋಧನೆ. ಸಭೆಯಲ್ಲಿ ಎದ್ದು ನಿಂತು "ಈ ಖರ್ಚು ಎಂತದು?" ಎಂದು ಕೇಳುವ ಹಕ್ಕು ಸಣ್ಣ ಬೆಳೆಗಾರನಿಗೂ ಇತ್ತು. ಹಿರಿಯರು ನಂಬಿದರು, ಜೊತೆಗೆ ಪ್ರಶ್ನೆಯನ್ನೂ ಕೇಳಿದರು. ಕರುವನ್ನೂರಿನಂಥ ಕಡೆ ಎಡವಿದ್ದು, ಪ್ರಶ್ನೆ ನಿಂತ ಮೇಲೆ ನಂಬಿಕೆ ಮಾತ್ರ ಉಳಿದದ್ದರಿಂದ.

ದೊಡ್ಡಮ್ಮ ಕ್ಯಾಂಪ್ಕೋಗೆ ಅಡಿಕೆ ಕೊಟ್ಟರೆ ತೂಕದ ಚೀಟಿಯನ್ನು ಎರಡು ಸಲ ಓದುತ್ತಾರೆ. ತಮ್ಮನ ಮಗನಿಗೆ ಎರಡು ಲಕ್ಷ ಕೊಟ್ಟಾಗ ಒಂದು ಚೀಟಿಯನ್ನೂ ಕೇಳಲಿಲ್ಲ. ಕೇಳಿದರೆ ಅವನಿಗೆ ಬೇಜಾರಾದೀತು ಎಂದು.

ಹುಡುಗರೇ, ಖಾತೆ ಬಾಡಿಗೆಗಿಲ್ಲ

ಮನೆಯ ಕಿರಿಯರಿಗೆ ಬೇರೆಯೇ ಅಪಾಯ ಇದೆ. ಡಾಲರ್‌ನ ಬೆಲೆಗೆ ಕಟ್ಟಿಹಾಕಿದ ಸ್ಟೇಬಲ್‌ಕಾಯಿನ್ ಎಂಬ ನಾಣ್ಯಗಳು ಈಗ ದೊಡ್ಡ ಸುದ್ದಿ. ಅಮೆರಿಕ 2025ರ ಜುಲೈನಲ್ಲಿ ಅವುಗಳಿಗೆಂದೇ ಒಂದು ಕಾನೂನು ಮಾಡಿತು. ಗಲ್ಫ್ ನಂಟಿರುವ ಮನೆಗಳಲ್ಲಿ "ಬ್ಯಾಂಕಿಗಿಂತ ಹೆಚ್ಚು ರೇಟು ಸಿಗ್ತದೆ" ಎಂದು ಇಂಥ ನಾಣ್ಯವನ್ನು ಮೊಬೈಲಿನಲ್ಲೇ ಅಪರಿಚಿತರಿಗೆ ಮಾರುವ ಹುಡುಗರಿದ್ದಾರೆ. ಕೊಂಡವನು ಹಾಕಿದ ರೂಪಾಯಿ ಯಾರಿಂದಲೋ ವಂಚಿಸಿ ತಂದದ್ದಾದರೆ? ಎಲ್ಲಿಯೋ ದೂರದ ರಾಜ್ಯದ ಪೊಲೀಸರ ಸೂಚನೆಯಂತೆ ಇಲ್ಲಿ ಬ್ಯಾಂಕ್ ಖಾತೆ ಬಂದ್. ಅಪ್ಪನ ಪಿಂಚಣಿ ಬರುವ ಜಂಟಿ ಖಾತೆಯಾದರೆ ಮನೆಯ ಅಕ್ಕಿಗೂ ತೊಂದರೆ.

ಇನ್ನೂ ಕೆಟ್ಟದ್ದು, ಕಮಿಷನ್ ಆಸೆಗೆ ಎಟಿಎಂ ಕಾರ್ಡು, ಸಿಮ್ ಸಮೇತ ಖಾತೆಯನ್ನೇ ಬೇರೆಯವರಿಗೆ ಕೊಡುವುದು. ಹೀಗೆ ಕೊಟ್ಟ ಖಾತೆಗಳ ಮೂಲಕ ಹಾದ ವಂಚನೆಯ ಹಣ ಕೊನೆಗೆ ಕ್ರಿಪ್ಟೋ ಆಗಿ ದೇಶ ದಾಟುತ್ತದೆ. ಪೊಲೀಸರಿಗೆ ಸಿಗುವುದು ಮಾತ್ರ ಖಾತೆಯ ಮೇಲಿನ ಹೆಸರು. ಕಾಲೇಜಿಗೆ ಹೋಗುವ ಹುಡುಗನಿಗೆ ಪಾಸ್‌ಪೋರ್ಟು, ಕೆಲಸ ಎಲ್ಲದಕ್ಕೂ ಅಡ್ಡ ಬರುವ ಕೇಸು ಅದು.

ಯಾವ ಸ್ಟೇಷನ್ನಿಗೆ ಹೋಗುದು?

ಗಡಿನಾಡಿನವರ ಮಾಮೂಲಿ ಪ್ರಶ್ನೆ ಇದು. ಮನೆ ಕೇರಳದಲ್ಲಿ, ಹಣ ಕೊಟ್ಟದ್ದು ಮಂಗಳೂರಿನಲ್ಲಿ, ಬ್ಯಾಂಕ್ ಖಾತೆ ಇನ್ನೆಲ್ಲೋ. ತಾಳವಾಡಿಯವರಿಗೆ ಚಾಮರಾಜನಗರ, ಮಡಕಶಿರದವರಿಗೆ ಪಾವಗಡ, ಎಲ್ಲ ಕಡೆಯೂ ಇದೇ ಕತೆ. "ಇಲ್ಲಿ ಆಗುದಿಲ್ಲ, ಅಲ್ಲಿಗೆ ಹೋಗಿ" ಎಂದು ಕೇಳಿ ಕೇಳಿ ಹೆಚ್ಚಿನವರು ಮನೆಗೆ ವಾಪಸಾಗುತ್ತಾರೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಮಾಹಿತಿ ಕೊಡಬಹುದು. ಇದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಇಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಿದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಅದಕ್ಕೂ ಮೊದಲು, ಹಣ ಹೋದದ್ದು ಗೊತ್ತಾದ ಕ್ಷಣವೇ 1930 ಎಂಬ ನಂಬರಿಗೆ ಫೋನ್ ಮಾಡಬೇಕು. ಇದು ಇಡೀ ದೇಶಕ್ಕೆ ಒಂದೇ ನಂಬರು. ಹಣ ಖಾತೆಯಿಂದ ಖಾತೆಗೆ ಓಡುತ್ತಾ ಇರುವಾಗಲೇ ತಡೆಹಿಡಿಯಬೇಕು. ನಾಣ್ಯವಾಗಿ ಬದಲಾಗಿ ಹೊರಗೆ ಹೋದ ಮೇಲೆ ಹಿಡಿಯುವುದು ಬಹಳ ಕಷ್ಟ. ಆದ್ದರಿಂದ ಮರ್ಯಾದೆಗೆ ಅಂಜಿ ಸುಮ್ಮನಿರುವ ಒಂದೊಂದು ದಿನವೂ ಕಳ್ಳನಿಗೇ ಲಾಭ.

ಕೆಲವು ಮಾತು ಗೋಡೆಯ ಕ್ಯಾಲೆಂಡರಿನ ಬದಿಯಲ್ಲಿ ಬರೆದಿಟ್ಟುಕೊಳ್ಳಿ:

* ಇಂತಿಷ್ಟು ಲಾಭ ಖಂಡಿತ ಎಂದು ಹೇಳುವ ಯಾವುದೇ ನಾಣ್ಯದ ಯೋಜನೆಗೆ ಹಣ ಕೊಡಬೇಡಿ. ನಿಜವಾದ ಬಿಟ್‌ಕಾಯಿನ್ ಕೂಡ ಅಂಥ ಭರವಸೆ ಕೊಡುವುದಿಲ್ಲ.
* ಮೊದಲ ಸಣ್ಣ ಮೊತ್ತ ವಾಪಸ್ ಬಂತೆಂದು ನಂಬಬೇಡಿ. ಅದು ಗಾಳದ ಎರೆ.
* ಆಪ್‌ನ ಹೆಸರು ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ಎಕ್ಸ್‌ಚೇಂಜ್‌ನದ್ದೇ ಎಂದು ನೋಡಿ. ವಾಟ್ಸಾಪ್ ಲಿಂಕಿನಿಂದ ಆಪ್ ಹಾಕಿಕೊಳ್ಳಬೇಡಿ.
* ಹಣ ತೆಗೆಯಲು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ, 1930ಕ್ಕೆ ಫೋನ್ ಮಾಡಿ.
* ಸಂದೇಶ, ರಶೀದಿ, ಖಾತೆ ನಂಬರು, ಯುಪಿಐ ವಿವರ ಯಾವುದನ್ನೂ ಅಳಿಸಬೇಡಿ.
* ಹೋದರೆ ಹೋಗಲಿ ಎನ್ನಬಹುದಾದಷ್ಟು ಮಾತ್ರ ಹಾಕಿ. ಮಗಳ ಮದುವೆಯ ಹಣ, ಆಸ್ಪತ್ರೆಯ ಹಣ ಅದರೊಳಗೆ ಬಾರದು.

ಕೊನೆಗೆ ಬಾಯಿ ಬಿಟ್ಟದ್ದು

ದೊಡ್ಡಮ್ಮನ ವಿಷಯ ಎಲ್ಲಿಗೆ ಬಂತು ಎಂದು ಓದುಗರು ಕೇಳಬಹುದು.

ಪೂಜೆಯ ಮರುದಿನ ನಾನು ಆ ಹುಡುಗನಿಗೆ ಫೋನ್ ಮಾಡಿದೆ. ಬೈಯಲಿಕ್ಕೆಂದೇ ಮಾಡಿದ್ದು. ಅವನು ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಅಣ್ಣಾ, ಅತ್ತೆ ನನ್ನನ್ನು ಒಂದು ಮಾತೂ ಕೇಳ್ಲಿಲ್ಲ. ಕೇಳಿದ್ರೆ ಅಂದೇ ಹೋಗಿ ಕಂಪ್ಲೇಂಟ್ ಕೊಡ್ತಿದ್ದೆ. ಕೇಳ್ಲಿಲ್ಲ ಅಂತ ನಾನೂ ಬಾಯಿ ಬಿಡ್ಲಿಲ್ಲ" ಎಂದ. ಅವನ ಮರ್ಯಾದೆ ಉಳಿಸಲು ಅವರು ಸುಮ್ಮನಿದ್ದರು, ಅವರ ಮೌನ ಕಂಡು ಅವನು. ನಡುವೆ ಹೋದದ್ದು ದಿನಗಳು.

ಅದೇ ದಿನ 1930ಕ್ಕೆ ಫೋನ್ ಆಯಿತು. ಮರುದಿನ ಅವನೇ ರಜೆ ಹಾಕಿ ಬಂದು, ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಠಾಣೆಗೆ ಹೋದ. ದೊಡ್ಡಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಬರೆಯಲು ಬಾರದು. ದೂರು ಬರೆದುಕೊಟ್ಟದ್ದು ಪಕ್ಕದ ಮನೆಯ ಟೀಚರ್. ಮೊದಲು ಹಾಕಿದ ಹಣದ ಸುಳಿವು ಸಿಕ್ಕಿಲ್ಲ. "ತೆರಿಗೆ" ಎಂದು ಕೊನೆಗೆ ಕಟ್ಟಿದ ನಲವತ್ತು ಸಾವಿರದಲ್ಲಿ ಹದಿನೆಂಟು ಸಾವಿರ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ ಎಂದು ತಿಳಿಯಿತು. ಅದು ಕೈಗೆ ಬರಲು ಇನ್ನೂ ಕಾಗದಪತ್ರ ಬಾಕಿ ಇದೆ. ಮಾಡು ರಿಪೇರಿ ಈ ವರ್ಷ ಇಲ್ಲ. ಅಟ್ಟದ ಮೇಲೆ ಟರ್ಪಾಲು ಹಾಸಿ ಮಳೆಗಾಲ ಕಳೆಯುವುದೆಂದು ತೀರ್ಮಾನ.

ಕಳೆದ ವಾರ ಹೋಗಿದ್ದಾಗ ಆ ಹುಡುಗ ಅಲ್ಲೇ ಇದ್ದ. ತಿಂಗಳಿಗೆ ಎರಡು ಸಾವಿರದ ಹಾಗೆ ಅತ್ತೆಗೆ ವಾಪಸ್ ಕೊಡುತ್ತಾನಂತೆ. ದೊಡ್ಡಮ್ಮ ಬೇಡ ಎಂದರೂ ಕೇಳುವುದಿಲ್ಲ. ನಾನು ನೋಡುತ್ತಿರುವಾಗಲೇ ನಾಲ್ಕು ಐನೂರರ ನೋಟು ಕೊಟ್ಟ. ದೊಡ್ಡಮ್ಮ ಎಣಿಸಿ, ಒಳಗೆ ಹೋಗಿ ಹಳೆಯ ಡೈರಿ ತಂದು, ತಾರೀಕು ಹಾಕಿ ಬರೆದರು. ಮತ್ತೆ ಪೆನ್ನನ್ನು ಅವನ ಕಡೆ ಚಾಚಿ ಹೇಳಿದರು:

"ಸಹಿ ಹಾಕು ಮಗಾ. ಬೇಜಾರು ಮಾಡ್ಕೊಳ್ಬೇಡ, ಲೆಕ್ಕ ಲೆಕ್ಕವೇ."